ಅಮೆರಿಕ, ರಷ್ಯಾ ಮತ್ತು ಮಾವನ ತೊಗರಿ

ಎಳ್ಳ ಅಮಾವಾಸ್ಯೆಯ ಮಾರನೇ ದಿನ ಜೇವರ್ಗಿಯ ನಮ್ಮ ಮನೆಯಲ್ಲಿ ಮೂವರಿದ್ದೆವು: ಬಟ್ಟೆ ಅಂಗಡಿಯವನಾದ ನಾನು, ನನ್ನ ಹೆಂಡತಿ, ಖಜೂರಿಯಿಂದ ಬಂದಿದ್ದ ಅವಳ ತಮ್ಮ ಸಿದ್ದು. ಗಡಿಯೂರಿನವನಾದ್ದರಿಂದ ಅವನು ಅಕ್ಕನ ಗಂಡನಾದ ನನ್ನನ್ನು ಮರಾಠಿಯವರ ಹಾಗೆ ‘ದಾಜಿ’ ಎನ್ನುತ್ತಾನೆ. ಒಲೆಯ ಮೇಲೆ ಹಿಂದಿನ ದಿನದ ಭಜ್ಜಿ ಬಿಸಿಯಾಗುತ್ತಿತ್ತು. ದೂರದೂರಿನ ಓದುಗರು ತಪ್ಪು ತಿಳಿಯಬಾರದು, ನಮ್ಮ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹೊಲದಲ್ಲಿ ಸಿಕ್ಕ ಹಸಿಕಾಳು, ಸೊಪ್ಪು, ಗಜ್ಜರಿ, ಬದನೆಕಾಯಿ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟಿನ ಜೊತೆ ಒಟ್ಟಿಗೆ ಕುದಿಸಿದ ಪಲ್ಯ. ಮಾರನೇ ದಿನ ಅದರ ವಾಸನೆಗೆ ಓಣಿಯವರೆಲ್ಲ ಏನೋ ನೆಪ ಮಾಡಿಕೊಂಡು ಮನೆಗೆ ಬರುತ್ತಾರೆ.

ಟೀವಿಯಲ್ಲಿ ಎರಡು ದೊಡ್ಡ ದೇಶಗಳ ಮುಖಂಡರು ಕೈ ಕುಲುಕುತ್ತಿದ್ದರು.

‘ನೋಡ್ರಿ ದಾಜಿ, ದೊಡ್ಡೋರಿಬ್ರೂ ಒಂದಾದ್ರು. ಇನ್ನ ಜಗತ್ತಿಗೆ ಫಿಕರ್ ಇಲ್ಲ,’ ಎಂದ ಸಿದ್ದು.

‘ಅಯ್ಯೋ, ಇನ್ನ ಸಣ್ಣೋರ ಗತಿ ಏನಪಾ!’ ಎಂದುಬಿಟ್ಟೆ.

‘ಇವರಿಗಿ ಛಲೋ ಸುದ್ದಿ ಕೇಳಿದ್ರನ ಹೊಟ್ಟಿ ನೋಯ್ತದ,’ ಎಂದಳು ಹೆಂಡತಿ.

ಗೊಬ್ಬೂರಿನ ನನ್ನ ಸೋದರಮಾವ ಶರಣಪ್ಪನಿಗೆ ಆದದ್ದನ್ನು ಕೇಳಿದರೆ ನಿಮ್ಮ ಹೊಟ್ಟೆಯೂ ನೋಯುತ್ತದೆ, ಕೇಳಿ.

ಬಸ್ಸಿನ ಮೂರು ಜನರ ಸೀಟಿನಲ್ಲಿ ನಡುವೆ ಸಿಕ್ಕ ಸಣಕಲನ ಹಾಗೆ ಮಾವನ ಹೊಲ ಇಬ್ಬರು ದೊಡ್ಡವರ ಹೊಲಗಳ ನಡುವೆ ಇದೆ. ಮೂಡಲಿಗೆ ಚೆನ್ನಬಸಪ್ಪ ಸಾಹುಕಾರರು, ಪಡುವಲಿಗೆ ಮಲ್ಕಣ್ಣ ಗೌಡರು. ತೊಗರಿ ಒಕ್ಕಿ ರಾಶಿ ಮಾಡುವ ಮಷೀನು ಬರಬೇಕಾದರೆ ಸಾಹುಕಾರರ ಹೊಲದೊಳಗಿನ ಬಂಡಿದಾರಿಯೇ ಗತಿ. ಮಾವನ ಅಂಗೈಯಗಲದ ಕಬ್ಬು ಬದುಕಬೇಕಾದರೆ ಗೌಡರ ಬಾವಿಯ ನೀರೇ ಗತಿ. ಒಬ್ಬರು ಮುನಿದರೆ ತೊಗರಿ ಹೋಯಿತು, ಇನ್ನೊಬ್ಬರು ಮುನಿದರೆ ಕಬ್ಬು ಹೋಯಿತು.

ಆ ಇಬ್ಬರ ಜಿದ್ದು ಹಳೆಯದು, ಅದರ ಹೆಸರು ಮಾತ್ರ ಹೊಸದು. ಉಕ್ರೇನಿನಲ್ಲಿ ಯುದ್ಧ ಹತ್ತಿ, ಇಲ್ಲಿ ನಾವು ಗೊಬ್ಬರದ ಚೀಲಕ್ಕೆ ಪಾಳಿ ನಿಂತಾಗ, ಊರ ಕಟ್ಟೆಯ ಮೇಲೆ ಸಾಹುಕಾರರು ‘ತಪ್ಪೆಲ್ಲ ರಷ್ಯಾದ್ದು’ ಎಂದರು. ಅವರು ಹಾಗೆಂದರು ಎಂಬ ಒಂದೇ ಕಾರಣಕ್ಕೆ ಗೌಡರು ರಷ್ಯಾದ ಕಡೆಯಾದರು. ರಷ್ಯಾ ಯಾವ ದಿಕ್ಕಿಗಿದೆ ಎಂಬುದು ಗೌಡರಿಗೂ ಗೊತ್ತಿರಲಿಲ್ಲ, ಗೌಡರ ಎತ್ತಿಗೂ ಗೊತ್ತಿರಲಿಲ್ಲ. ಪಂಚಾಯ್ತಿಯ ಒಂದು ಸೀಟು ಬೇರೆ ಆಗ ಖಾಲಿಯಾಗಿ, ಇಬ್ಬರಿಗೂ ಒಂದೊಂದು ಓಟೂ ಬೇಕಾಗಿತ್ತು. ಊರು ಎರಡಾಯಿತು. ಅಮೆರಿಕ ಪಾರ್ಟಿಯವರು ರಷ್ಯಾದವರ ಹಿಟ್ಟಿನ ಗಿರಣಿಗೆ ಕಾಲಿಡಲಿಲ್ಲ. ರಷ್ಯಾದವರು ಅಮೆರಿಕದವರ ಕಟಿಂಗ್ ಅಂಗಡಿಗೆ ಹೋಗಲೊಲ್ಲದೆ ಗಡ್ಡ ಬಿಟ್ಟುಕೊಂಡು ತಿರುಗಿದರು.

‘ಶರಣ್ಯಾ, ನೀ ಯಾರ ಕಡಿಲೇ?’ ಎಂದು ಕಟ್ಟೆಯ ಮೇಲೆ ಯಾರೋ ಕೆಣಕಿದರು.

‘ನಾ ನನ್ನ ತೊಗರಿ ಕಡೀರಿ,’ ಎಂದ ಮಾವ.

ನಿಜ ಹೇಳಬೇಕೆಂದರೆ ಅದು ಅವನ ಸುಗ್ಗಿಯ ಕಾಲ. ಅವನನ್ನು ತಮ್ಮ ಕಡೆಗೆ ಎಳೆಯಬೇಕೆಂದು ಸಾಹುಕಾರರು ದಾರಿಯ ಕಲ್ಲು ಆರಿಸಿಕೊಟ್ಟರು. ಅದನ್ನು ಕೇಳಿದ ಗೌಡರು ಅವನ ಕಬ್ಬಿಗೆ ಎಷ್ಟು ನೀರು ಬಿಟ್ಟರೆಂದರೆ, ಕಪ್ಪೆಗಳು ಸಂಸಾರ ಹೂಡಿದವು.

ಅಷ್ಟರಲ್ಲಿ ಆ ವರ್ಷದ ಎಳ್ಳ ಅಮಾವಾಸ್ಯೆ ಬಂತು. ಅಂದು ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಸಿಕ್ಕವರನ್ನೆಲ್ಲ ಕರೆದು ಉಣಿಸುವುದು ನಮ್ಮ ಪದ್ಧತಿ. ಮಾವನಿಗೆ ಎರಡೂ ಹೊಲಗಳಿಂದ ಕರೆ ಬಂತು. ಮೊದಲು ಯಾರ ಭಜ್ಜಿ ಉಣ್ಣುತ್ತಾನೋ ಅವರ ಪಾರ್ಟಿ ಎಂದು ಊರೆಲ್ಲ ಕಾದು ಕುಳಿತಿತ್ತು. ಹಬ್ಬಕ್ಕೆ ಹೋಗಿದ್ದ ನಾನು ಬಹಳ ವಿಚಾರ ಮಾಡಿ, ‘ಜ್ವರ ಬಂದಂಗ ಹೊಚ್ಚಿಕೊಂಡು ಮಲಕ್ಕೋ ಮಾವಾ,’ ಎಂದೆ.

‘ನಿನ್ನ ಬುದ್ಧಿ ನಿನ್ನ ಬಟ್ಟಿ ಅಂಗಡ್ಯಾಗ ಇಟ್ಟು ಬಾರಪಾ,’ ಎಂದಳು ಮಾವನ ಹೆಂಡತಿ ನೀಲಮ್ಮತ್ತೆ. ‘ಇಬ್ಬರನೂ ನಮ್ಮ ಹೊಲಕ್ಕೇ ಕರೀರಿ. ಅವರವರ ಭಜ್ಜಿ ಅವರೇ ತರ್ಲಿ.’

ಇಬ್ಬರೂ ಬಂದರು, ತಮ್ಮ ತಮ್ಮ ಗಡಿಗೆ ಹೊರಿಸಿಕೊಂಡು. ಹಾಸಿದ್ದು ಒಂದೇ ಕಂಬಳಿ. ಮೊದಲು ಕುಳಿತವನು ಸೋತಂತೆ ಎಂದು ಇಬ್ಬರೂ ನಿಂತೇ ಇದ್ದರು. ಕಡೆಗೆ ಒಬ್ಬರ ಮೊಣಕಾಲು ಒಬ್ಬರು ನೋಡುತ್ತ, ಇಷ್ಟಿಷ್ಟೇ ಬಗ್ಗುತ್ತ, ಒಟ್ಟಿಗೇ ಕುಳಿತರು.

‘ಮೊದಲ ತುತ್ತು ನಮ್ಮನಿದು, ಶರಣಪ್ಪ,’ ಎಂದರು ಸಾಹುಕಾರರು.

‘ಅದ್ಹೆಂಗ? ನೀರು ಯಾರದ ಕುಡಿತಾನ ಕೇಳ್ರಿ!’

ಮಾವ ರೊಟ್ಟಿ ಮುರಿದ ಕೈಯನ್ನು ಗಾಳಿಯಲ್ಲಿ ಹಿಡಿದು ಕುಳಿತ. ನೀಲಮ್ಮತ್ತೆ ಎದ್ದು ಎರಡೂ ಗಡಿಗೆಯ ಭಜ್ಜಿಯನ್ನು ದೊಡ್ಡ ಬೋಗಾಣಿಗೆ ಸುರುವಿ, ಸೌಟು ಹಾಕಿ ತಿರುವಿಬಿಟ್ಟಳು. ‘ಭಜ್ಜಿ ಅಂದ್ರ ಎಲ್ಲಾ ಕೂಡಿಸೋದೇ ಅಲ್ಲೇನ್ರಿ? ಈಗ ಉಣ್ರಿ,’ ಎಂದಳು.

ಉಂಡರು. ‘ನಮ್ಮನಿ ರುಚಿನೇ ಮ್ಯಾಲೆ ಬಂದಾದ’ ಎಂದು ಇಬ್ಬರೂ ಅಂದುಕೊಂಡು ಇನ್ನಷ್ಟು ಉಂಡರು. ಏಳಲು ಹೋದರೆ ಇಬ್ಬರಿಗೂ ಏಳಲಾಗಲಿಲ್ಲ. ಅವರ ಕೈ ಇವರು, ಇವರ ಕೈ ಅವರು ಹಿಡಿದು ಎದ್ದರು.

‘ನಿಮಗೂ ಮೊಣಕಾಲೇನ್ರಿ ಗೌಡ್ರ?’

‘ಏನ್ ಹೇಳ್ಲಿ ಸಾವ್ಕಾರ್ರ, ಪೂರಾ ಹೈರಾಣ ಆಗೀನಿ.’

ಮೊಣಕಾಲಿನಿಂದ ಶಾಂತಿ ಹುಟ್ಟಿತು. ಇಬ್ಬರೂ ಒಂದೇ ಜೀಪಿನಲ್ಲಿ ಸೊಲ್ಲಾಪುರಕ್ಕೆ ಎಣ್ಣೆ ತಿಕ್ಕಿಸಿಕೊಳ್ಳಲು ಹೋಗತೊಡಗಿದರು. ಗಡ್ಡಗಳು ಇಳಿದವು. ಊರೆಲ್ಲ ಕುಣಿಯಿತು, ನಾನೂ ಕುಣಿದೆ.

ಕುಣಿಯದವನು ಮಾವ ಒಬ್ಬನೇ. ದೊಡ್ಡವರು ದೋಸ್ತರಾದ ಮೇಲೆ ಸಣ್ಣವನ ಮರ್ಜಿ ಯಾರಿಗೆ ಬೇಕು? ಸಾಹುಕಾರರು ಬಂಡಿದಾರಿಗೆ ಜಾಲಿಮುಳ್ಳು ಹಚ್ಚಿದರು. ಗೌಡರ ನೀರು ತಿರುಗಿ ಸಾಹುಕಾರರ ಬಾಳೆಗೆ ಹೋಯಿತು. ಸಾಹುಕಾರರನ್ನು ಕೇಳಿದರೆ ‘ಗೌಡ್ರನ್ನ ಕೇಳು’ ಎಂದರು, ಗೌಡರನ್ನು ಕೇಳಿದರೆ ‘ಸಾವ್ಕಾರ್ರನ್ನ ಕೇಳು’ ಎಂದರು. ಇತ್ತ ಕಬ್ಬು ಬಾಡುತ್ತಿತ್ತು, ಅತ್ತ ತೊಗರಿ ಒಣಗಿ ಕಾಯಿ ಸಿಡಿಯುತ್ತಿತ್ತು. ಮಾವ ಬದುವಿನ ಮೇಲೆ ಕುಳಿತು ಆ ಚಟಚಟ ಸದ್ದನ್ನು ಕೇಳುತ್ತಿದ್ದ.

ನೀಲಮ್ಮತ್ತೆ ಒಂದು ಮುಂಜಾನೆ ಅವನನ್ನು ಎಬ್ಬಿಸಿ ಕಟ್ಟೆಗೆ ಅಟ್ಟಿದಳು. ದೋಸ್ತರಿಬ್ಬರೂ ಅಲ್ಲೇ ಚಹಾ ಕುಡಿಯುತ್ತಿದ್ದರು. ಮಾವ ಕೈಮುಗಿದು ಒಂದೇ ಮಾತು ಕೇಳಿದ: ‘ಅವತ್ತಿನ ಭಜ್ಜಿ ಭಾರಿ ಆಗಿತ್ತರಿ. ಆ ರುಚಿ ಯಾರ ಮನಿದು?’

‘ನಮ್ಮನಿದು,’ ಎಂದರು ಇಬ್ಬರೂ ಒಟ್ಟಿಗೆ.

‘ನಿಮ್ಮನಿ ಭಜ್ಜ್ಯಾಗ ಹುಳಿ ಎಲ್ಲಿತ್ರಿ?’ ಎಂದರು ಸಾಹುಕಾರರು.

‘ನಿಮ್ಮದರಾಗ ಉಪ್ಪರೆ ಇತ್ತೇನು?’

ಚಹಾದ ಬಟ್ಟಲು ಕಟ್ಟೆಗೆ ಬಡಿಯಿತು. ಮಾವ ಮೆಲ್ಲಗೆ ಮನೆಯ ದಾರಿ ಹಿಡಿದ. ಮರುದಿನ ಸಾಹುಕಾರರ ಆಳು ಬಂದು ದಾರಿಯ ಮುಳ್ಳು ಎಳೆದು ಬದಿಗೆ ಹಾಕಿದ. ಬಿಸಿಲೇರುವುದರೊಳಗೆ ಗೌಡರ ನೀರು ಕಬ್ಬಿಗೆ ಬಂತು.

ಉಣ್ಣುತ್ತ ಇಷ್ಟು ಹೇಳಿ ನಾನು ಕೈ ತೊಳೆದೆ. ಸಿದ್ದು ಟೀವಿಯ ಸದ್ದು ಇಳಿಸಿ, ‘ಹಂಗಾರ ದೊಡ್ಡೋರು ಕಾದಾಡಿದ್ರೇ ಛಲೋದೇನ್ರಿ ದಾಜಿ?’ ಎಂದ. ಮಾವನಿಗೇ ಫೋನು ಹಚ್ಚಿ ಕೇಳಿದೆ.

‘ಇಲ್ಲೋ ಮಾರಾಯಾ,’ ಎಂದ ಮಾವ. ‘ಅವರು ಕಾದಾಡಿದ್ರ ನಮಗ ಗೊಬ್ಬರ ಸಿಗಾಂಗಿಲ್ಲ, ಒಂದಾದ್ರ ದಾರಿ ಸಿಗಾಂಗಿಲ್ಲ. ಜರಾ ಮುನಿಸಿದ್ರ ಸಾಕು. ಆದ್ರ ಅವರ ಮುನಿಸು ಕಾಯ್ಕೋತ ಎಷ್ಟು ದಿನ ಕುಂದರ್ಲೆಪಾ? ಅದಕ್ಕ ನಿಮ್ಮತ್ತಿ ಅಷ್ಟು ಜಿದ್ದು ಮಾಡಿದ್ದು.’

ಅತ್ತೆಯ ಜಿದ್ದಿನ ಮಾತು ನಿಮಗೆ ಹೇಳಿಲ್ಲವಲ್ಲ. ಕಟ್ಟೆಯ ಜಗಳವಾದ ಸ್ವಲ್ಪ ದಿನಕ್ಕೇ ಪಂಚಾಯ್ತಿಯ ಆ ಖಾಲಿ ಸೀಟಿಗೆ ಚುನಾವಣೆ ಬಂತು. ನೀಲಮ್ಮತ್ತೆ ತಾನೇ ನಿಲ್ಲುತ್ತೇನೆ ಎಂದಳು. ಅವಳು ತಮ್ಮ ಭಜ್ಜಿ ಉಂಡವಳು, ತಮ್ಮ ಪಾರ್ಟಿಯವಳು ಎಂದು ಸಾಹುಕಾರರೂ ನಂಬಿದ್ದರು, ಗೌಡರೂ ನಂಬಿದ್ದರು. ಎದುರಿಗೆ ಯಾರೂ ನಿಲ್ಲಲಿಲ್ಲ. ಅವಳು ಆರಿಸಿ ಬಂದು ಮೊದಲು ಬಂಡಿದಾರಿಗೆ ಮೊರಂ ಮಣ್ಣು ಹಾಕಿಸಿ ಊರ ರಸ್ತೆ ಮಾಡಿಸಿದಳು. ಇದು ತಮ್ಮ ಪಾರ್ಟಿಯ ಕೆಲಸವೆಂದುಕೊಂಡು ತೆಂಗಿನಕಾಯಿ ಒಡೆಯಲು ಇಬ್ಬರೂ ಬಂದಿದ್ದರು. ಆ ವರ್ಷದಿಂದ ಮಾವನ ತೊಗರಿ ಯಾರನ್ನೂ ಕೇಳದೆ ಮನೆಗೆ ಬರುತ್ತಿದೆ. ಈಗ ಅತ್ತೆ ಬಾವಿ ತೋಡಿಸುತ್ತಿದ್ದಾಳೆ.