ಕತಿ ಇಲ್ಲೀತನಕ ಚಲೋ ಐತಿ

ಅಂದು ಅಂಗಳ ಸಾರಿಸಿದೆ, ಮೆಣಸಿನಕಾಯಿ ಒಣಹಾಕಿದೆ, ವೀಳ್ಯದೆಲೆ ಒರೆಸಿಟ್ಟೆ. ಸಂಜೆ, ಹೋದ ವರ್ಷ ಗಂಡನನ್ನು ಕಳೆದುಕೊಂಡಿದ್ದ ಪಕ್ಕದ ಮನೆಯ ಅಕ್ಕ ಎಂದಿನಂತೆ ಟಿವಿ ನೋಡಲು ಬಂದರು. ಭಕ್ತಿಯ ಪ್ರೇಮಚಿತ್ರಗಳೆಂದರೆ ಅವರಿಗೆ ಪ್ರಾಣ. ಆದರೆ ನಾಯಕಿ ದೇವರ ಮುಂದೆ ಸೆರಗೊಡ್ಡಿದ ಕೂಡಲೇ, "ಕತಿ ಇಲ್ಲೀತನಕ ಚಲೋ ಐತಿ ತಂಗಿ, ಮುಂದ ಬರೇ ಉಪದೇಶ" ಎಂದು ಎದ್ದುಬಿಡುವರು.

ಅಂದು ನಾನು ಕೈಹಿಡಿದು ಕೂರಿಸಿದೆ. "ಕುಂದರ್ರಿ ಅಕ್ಕಾರ, ಉಪದೇಶ ಕೇಳಿದ್ರ ಕಿವಿ ಏನ್ ಸವೆಯೂದಿಲ್ಲ."

ನಾಯಕಿ ಬೇಡಿಕೊಂಡಳು. ಟಿವಿಯಲ್ಲಿ ಅವಳ ಸತ್ತ ಗಂಡ ಹೊಸ್ತಿಲಲ್ಲಿ ಬಂದು ನಿಂತ. ಆಗಲೇ ನಮ್ಮ ಬಾಗಿಲಾಚೆ ಯಾರೋ ಕೆಮ್ಮಿದರು. ಸವಣೂರಿನ ನಮ್ಮ ಓಣಿಗೆಲ್ಲ ಗೊತ್ತಿದ್ದ, ಅಕ್ಕನ ಗಂಡನ ಕೆಮ್ಮು.

"ಇದಕ್ಕ ಏಳ್ತಿದ್ದೆ ನೋಡು" ಎಂದ ಅಕ್ಕ, ಸೆರಗು ಸರಿಮಾಡಿಕೊಂಡು ಹೊರಗೆ ಕೂಗಿದರು: "ಬಂದೆ, ನಡೀರಿ." ಇಬ್ಬರಿಗಾಗುವಷ್ಟು ರೊಟ್ಟಿ ಕೇಳಿ ಒಯ್ದರು.

ನಾವು ಉಳಿದ ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ಎಲ್ಲರಿಗಿಂತ ಮೊದಲು ದೀಪ ಆರಿಸಿ ಮಲಗಿದವರು ಅಕ್ಕ. ಆ ಮನೆಯಿಂದ ಕೆಮ್ಮು ಆಮೇಲೂ ಕೇಳುತ್ತಿತ್ತು.