ಬೀಗದಮ್ಮ ಕಾಪಾಡಿದ ಕೋಣೆ

ಶಾಲೆಯ ಮಕ್ಕಳು ಅವಳಿಗೆ ಇಟ್ಟ ಹೆಸರು ಬೀಗದಮ್ಮ. ಕೆಲಸದಲ್ಲಿ ಆಯಾ. ಗುಡಿಸುವುದು, ಗಂಟೆ ಹೊಡೆಯುವುದು, ಚಿಕ್ಕವರ ಮೂಗು ಒರೆಸುವುದು ಎಲ್ಲ ಅವಳ ಪಾಲಿಗೇ. ಆದರೆ ಸೊಂಟದಲ್ಲಿ ಸದಾ ತೂಗಾಡುತ್ತಿದ್ದದ್ದು ಕಂಪ್ಯೂಟರ್ ಕೋಣೆಯ ಕೀಲಿ. ಯಾರೋ ಪುಣ್ಯಾತ್ಮರು ಕಂಪ್ಯೂಟರುಗಳನ್ನು ದಾನ ಕೊಟ್ಟು, ಫೋಟೊ ತೆಗೆಸಿಕೊಂಡು, ಬಾಗಿಲ ಪಕ್ಕದಲ್ಲಿ ತಮ್ಮ ಹೆಸರಿನ ಕಲ್ಲು ಕೂರಿಸಿ ಹೋಗಿದ್ದರು. ಕಲಿಸುವವರೊಬ್ಬರು ಬೇಕಲ್ಲ ಎಂಬುದು ಮಾತ್ರ ಆ ಗಲಾಟೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

"ಒಂದು ಕೆಟ್ರೂ ನನ್ನ ತಲೆಗೆ ಬರುತ್ತೆ. ನನ್ನ ತಲೆಗೆ ಬಂದ್ರೆ ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ, ನೋಡ್ಕೋ," ಎಂದು ಹೆಡ್‌ಮಾಸ್ತರರು ಕೀಲಿ ಕೊಡುವಾಗಲೇ ಹೇಳಿದ್ದರು. ಗಂಡ ಎನ್ನಿಸಿಕೊಂಡವನು ಹೇಳದೆ ಕೇಳದೆ ಊರು ಬಿಟ್ಟ ಮೇಲೆ ತಾಯಿ ಮಗಳ ಹೊಟ್ಟೆ ಹೊರೆಯುತ್ತಿದ್ದದ್ದು ಆ ಕೆಲಸವೊಂದೇ. ಅವಳು ಹಳೆಯ ಹೊದಿಕೆಗಳನ್ನು ಕತ್ತರಿಸಿ ಒಂದೊಂದು ಕಂಪ್ಯೂಟರಿಗೂ ಮುಸುಕು ಹೊಲಿದಳು. ದಿನಾ ಬೆಳಿಗ್ಗೆ ಮುಸುಕು ತೆಗೆದು ಒರೆಸಿ, ಮತ್ತೆ ಹೊದಿಸಿ, ಬೀಗ ಜಡಿದು ಎರಡು ಸಲ ಎಳೆದು ನೋಡುತ್ತಿದ್ದಳು. ತಪಾಸಣೆಗೆ ಬಂದವರು "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರ!" ಎಂದಾಗ ಹೆಡ್‌ಮಾಸ್ತರರು ಹಲ್ಲು ಕಿರಿಯುತ್ತಿದ್ದರು. ಬಾಗಿಲ ಹಿಂದೆ ನಿಂತ ಬೀಗದಮ್ಮನೂ ಉಬ್ಬಿಹೋಗುತ್ತಿದ್ದಳು, ಸುಳ್ಳೇಕೆ.

ಮಗಳು ಅದೇ ಶಾಲೆಯಲ್ಲಿ ಓದಿದಳು. ಓದಿನಲ್ಲಿ ಚುರುಕು ಎಂದರೆ ಚುರುಕು. ಕಂಪ್ಯೂಟರಿನ ಪಾಠ ಬಂದಾಗ ಮೌಸಿನ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ಹೊಡೆದವಳು. ಅಸಲಿ ಮೌಸು ಗೋಡೆಯಾಚೆಯೇ ಇತ್ತು. ಅಮ್ಮ ಒರೆಸುವಾಗ ಅವಳು ಹೊಸಿಲ ಮೇಲೆ ನಿಂತು ಕೇಳುತ್ತಿದ್ದಳು:

"ಅಮ್ಮಾ, ಒಂದೇ ಒಂದ್ಸಲ ಮುಟ್ಲಾ?"

"ಕೈ ಮುರೀತೀನಿ. ಕೆಟ್ಟು ಕೂತ್ರೆ ನಿಮ್ಮಪ್ಪ ಬಂದು ಸರಿಮಾಡ್ತಾನಾ?"

ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣಲ್ಲೇ ನೋಡಿ ಸುಮ್ಮನಾಗುತ್ತಿದ್ದಳು.

ಅವಳಿಗೆ ನರ್ಸ್ ಆಗಬೇಕಿತ್ತು. ಫೀಸಿಲ್ಲದ ಸೀಟು ಸಿಗಬೇಕಾದರೆ ಒಂದು ಪರೀಕ್ಷೆ, ಅದೂ ಪಟ್ಟಣದಲ್ಲಿ, ಕಂಪ್ಯೂಟರಿನಲ್ಲಿ. "ನಿನ್ನ ಮಗಳಿಗೇನಮ್ಮ, ಗೆದ್ದ ಹಾಗೇ," ಎಂದರು ಹೆಡ್‌ಮಾಸ್ತರರು. ಹುಡುಗಿ ಪುಸ್ತಕವನ್ನೆಲ್ಲ ಅರೆದು ಕುಡಿದಳು. ಆ ದಿನ ಬೀಗದಮ್ಮ ಪರೀಕ್ಷೆಯ ಗೇಟಿನ ಹೊರಗೆ ಗೋಡೆಯ ನೆರಳು ಸರಿದಂತೆ ತಾನೂ ಸರಿಯುತ್ತ ಕಾದಳು. ಎಲ್ಲರೂ ಹೊರಬಂದ ಮೇಲೆ ಕೊನೆಗೆ ಮಗಳು ಬಂದಳು. ಬಸ್ಸು ಹತ್ತಿ ಕೂತ ಮೇಲೆ ಬೀಗದಮ್ಮ ಕೇಳಿದಳು:

"ಕಷ್ಟ ಇತ್ತಾ ಪುಟ್ಟಾ?"

"ಇಲ್ಲಮ್ಮ. ಮೊದಲ್ನೇ ಪ್ರಶ್ನೆಗೇ ಉತ್ತರ ಗೊತ್ತಿತ್ತು. ಪಕ್ಕದ್ಮನೆ ಅಕ್ಕನ ಫೋನಲ್ಲಿ ಮಾಡ್ತೀವಲ್ಲ, ಹಾಗೆ ಉತ್ತರದ ಮೇಲೆ ಬೆರಳಿಟ್ಟೆ. ಏನೂ ಆಗ್ಲಿಲ್ಲ. ಆಮೇಲೆ ಮೌಸ್ ಹಿಡ್ಕೊಂಡೆ. ಬಾಣ ಎಲ್ಲೆಲ್ಲೋ ಓಡೋಯ್ತು. ಎಲ್ಲೋ ಒತ್ಬಿಟ್ಟೆ. ಪ್ರಶ್ನೆನೇ ಮಾಯ ಆಗಿ ಎಲ್ಲಾ ಬೆಳ್ಳಗಾಯ್ತು."

"ಆಮೇಲೆ?"

"ಕೈ ತೆಕ್ಕೊಂಡು ಕೂತಿದ್ದೆ. ಮುಗಿಯೋ ತನಕ."

"ಬಾಯಿ ಇರ್ಲಿಲ್ವೇನೇ ನಿಂಗೆ? ಅಲ್ಲಿದ್ದೋರನ್ನ ಕೇಳ್ಬಾರದಿತ್ತಾ?"

ಮಗಳು ಕಿಟಕಿಯ ಕಡೆ ತಿರುಗಿದಳು. "ನಾನೇ ಕೆಡಿಸ್ಬಿಟ್ಟೆ ಅನ್ಕೊಂಡೆ. ಗೊತ್ತಾದ್ರೆ ನಿನ್ನ ಕೆಲಸಕ್ಕೆ ಕುತ್ತು ಬರುತ್ತಲ್ಲಮ್ಮ."

ಬೀಗದಮ್ಮ ಪರೀಕ್ಷೆಯವರನ್ನು, ಹೆಡ್‌ಮಾಸ್ತರರನ್ನು, ಕಲ್ಲು ಕೂರಿಸಿ ಹೋದ ದಾನಿಗಳನ್ನು ಮನಸಾರೆ ಶಪಿಸಿದಳು. ಶಪಿಸುತ್ತಲೇ ಕೈ ಸೊಂಟದ ಕೀಲಿಗೆ ತಗುಲಿತು. ಆಮೇಲೆ ಅವಳಿಗೆ ಯಾರನ್ನೂ ಬಯ್ಯಲಾಗಲಿಲ್ಲ. ಊರು ಬರುವವರೆಗೂ ಮುಖ ಮುಚ್ಚಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಮಗಳ ರಟ್ಟೆ ಹಿಡಿದು ಶಾಲೆಗೆ ಎಳೆದುಕೊಂಡು ಹೋದಳು. ಬೀಗ ತೆಗೆದಳು. ಮೊದಲ ಕಂಪ್ಯೂಟರಿನ ಮುಸುಕು ಕಿತ್ತೆಸೆದಳು.

"ಮುಟ್ಟು."

"ಹೆಡ್‌ಮಾಸ್ತರು ಬಂದ್ರೆ?"

"ಬರ್ಲಿ. ಬರೋ ವರ್ಷ ಮತ್ತೆ ಪರೀಕ್ಷೆ ಇದೆ ತಾನೇ? ಇವತ್ತಿಂದಾನೇ ಕಲಿ. ಹಾಕು ಸ್ವಿಚ್ಚು."

ಹುಡುಗಿ ಗೋಡೆಯ ಸ್ವಿಚ್ಚು ಹಾಕಿ, ಪೆಟ್ಟಿಗೆಯ ಗುಂಡಿ ಒತ್ತಿದಳು. ಏನೂ ಹೊತ್ತಿಕೊಳ್ಳಲಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಕರೆಂಟಿಗೇನೂ ಕೊರತೆಯಿರಲಿಲ್ಲ. ಬೀಗದಮ್ಮ ಪಕ್ಕದ್ದರ ಮುಸುಕು ತೆಗೆದಳು, ಅದರ ಪಕ್ಕದ್ದು, ಆಚೆಯದು. ಮಗಳು ಒತ್ತುತ್ತ ಬಂದಳು. ಇಷ್ಟು ವರ್ಷ ಬೀಗದಮ್ಮ ಮೇಲೆ ಮೇಲೆ ಒರೆಸಿದ್ದಳೇ ಹೊರತು, ಒಂದನ್ನಾದರೂ ಒಮ್ಮೆ ಹಚ್ಚಿ ನೋಡಿದವರಿರಲಿಲ್ಲ. ಹೊಚ್ಚಹೊಸದರಂತೆ ಹೊಳೆಯುತ್ತ, ಬಳಕೆಯಿಲ್ಲದೆ ಅಷ್ಟೂ ಸತ್ತು ಕೂತಿದ್ದವು.

ಕೊನೆಯ ಗುಂಡಿಯಿಂದ ಬೆರಳು ತೆಗೆದು ಮಗಳು ಗೋಡೆಗೆ ಒತ್ತಿಕೊಂಡು ನಿಂತಳು.

"ನಾನೇನೂ ಮಾಡ್ಲಿಲ್ಲಮ್ಮ," ಎಂದಳು. ಅವಳ ಎರಡೂ ಕೈ ಬೆನ್ನ ಹಿಂದಿದ್ದವು.