ಸಿಕ್ಕ ಉತ್ತರದ ಬೆನ್ನು ಬಿಚ್ಚಿದ ಗಡಿಯಾರದಜ್ಜ

ಮೂಲೆಯಂಗಡಿಯ ಗಡಿಯಾರದಜ್ಜನಿಗೆ ಒಂದು ಹಟವಿತ್ತು. ಯಾರು ಎಂಥ ವಾಚು ತಂದರೂ ಅದರ ಮುಖದ ಮೇಲಿನ ಹೆಸರನ್ನು ನಂಬುತ್ತಿರಲಿಲ್ಲ. "ಮುಖಕ್ಕೆ ಯಾರು ಬೇಕಾದ್ರೂ ಬಣ್ಣ ಬಳೀತಾರೆ, ಬೆನ್ನು ತೋರ್ಸಪ್ಪ" ಎಂದು ಹಿಂದಿನ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಮಾಡಿದವರಾರು, ಯಾವಾಗ ಮಾಡಿದ್ದು ಎಂದು ಓದಿಕೊಂಡ ಮೇಲೆಯೇ ಮಾತು. ನಲವತ್ತು ವರ್ಷ ಯಾರ ಕೈಲೂ ಮೋಸಹೋಗದ ಅಂಥ ಮನುಷ್ಯ ಒಂದು ಮಧ್ಯಾಹ್ನ ಕಂಗಾಲಾಗಿಬಿಟ್ಟ.

ಎರಡು ವರ್ಷದ ಮೊಮ್ಮಗಳು ಅಂಗಡಿಯಲ್ಲಿ ಆಡುತ್ತಿದ್ದಳು. ಕಾರಿನ ಕೀಲಿಗೆ ಹಾಕಲು ಮೇಜಿನ ಮೇಲೆ ತೆಗೆದಿಟ್ಟಿದ್ದ, ನಾಣ್ಯದಂಥ ಬಟನ್ ಸೆಲ್ಲು ಕಾಣಲಿಲ್ಲ. ಮಗು ಗಂಟಲು ಹಿಡಿದುಕೊಂಡು ಜೊಲ್ಲು ಸುರಿಸುತ್ತಿತ್ತು. ಅಜ್ಜ ಅದರ ಬಾಯಿ ಬಿಡಿಸಿ ನೋಡಿದ, ಸೆಲ್ಲು ಇಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಅಲುಗದೆ ಹಿಡಿಯುವ ಬೆರಳು ಫೋನಿನ ಮೇಲೆ ತಪ್ಪು ಅಕ್ಷರಗಳನ್ನೇ ಒತ್ತಿತು. ಹೇಗೋ ಟೈಪು ಮಾಡಿದ: 'ಮಗು ಸೆಲ್ಲು ನುಂಗಿದರೆ ಏನೂ ಆಗುವುದಿಲ್ಲ ಅಲ್ಲವೇ?'

ಫೋನೂ ಅವನಿಗೆ ಹಿತವಾದದ್ದನ್ನೇ ಹೇಳಿತು. ಏನೂ ಆಗುವುದಿಲ್ಲ, ಎರಡು ಬಾಳೆಹಣ್ಣು ತಿನ್ನಿಸಿ, ನಾಳೆ ತಾನಾಗಿ ಹೊರಬರುತ್ತದೆ.

ಅಜ್ಜ ಹಣ್ಣು ಸುಲಿಯುವಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಸೊಸೆ ಬಂದಳು. ವಿಷಯ ಕೇಳಿದ್ದೇ ಫೋನು ಕಿತ್ತುಕೊಂಡಳು.

"ಮಾವ, ಹೀಗಾ ಕೇಳೋದು? ನಿಮಗೆ ಬೇಕಾದ ಉತ್ತರಾನ ನೀವೇ ಬರೆದು, ಹೌದಾ ಅಂತ ಕೇಳಿದ್ದೀರಲ್ಲ! ಇದನ್ನ ಬರೆದೋರು ಯಾರು?"

"ಯಾರೋ... ಮೊದಲು ಬಂದದ್ದು ಇದೇ ಕಣಮ್ಮ."

"ಊರವರ ವಾಚಿಗೆಲ್ಲ ಬೆನ್ನು ಬಿಚ್ಚಿ ನೋಡ್ತೀರಿ. ಮಗು ಜೀವದ ವಿಷಯ ಬಂದಾಗ ಮುಖ ನೋಡಿ ನಂಬಿಬಿಟ್ರಾ?"

ಮಾತು ನಾಟಿತು. ಅಜ್ಜ ಫೋನು ಮರಳಿ ಇಸಿದುಕೊಂಡು ಆ ಪುಟವನ್ನು ಕೊನೆಯವರೆಗೆ ಸರಿಸಿದ. ಬರೆದವರ ಹೆಸರಿಲ್ಲ, ತಾರೀಕಿಲ್ಲ. ಅಡಿಯಲ್ಲಿ ಜೀರ್ಣದ ಪುಡಿ ಮಾರುವ ಜಾಹೀರಾತು. ಅಷ್ಟರಲ್ಲಿ ಸೊಸೆ ತನ್ನ ಫೋನಿನಲ್ಲಿ 'ಬಟನ್ ಸೆಲ್ ನುಂಗಿದ ಮಗು, ತುರ್ತು ಚಿಕಿತ್ಸೆ, ಮಕ್ಕಳ ಆಸ್ಪತ್ರೆ' ಎಂದಷ್ಟೇ ಹಾಕಿದ್ದಳು. ಆಸ್ಪತ್ರೆಯದೇ ಪುಟ ಬಂತು, ವೈದ್ಯರ ಹೆಸರು, ಈ ವರ್ಷದ ತಾರೀಕು. ಇನ್ನೊಂದು ಆಸ್ಪತ್ರೆಯದೂ ಅದೇ ಮಾತು: ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಹುದು. ವಾಂತಿ ಮಾಡಿಸಬೇಡಿ, ಊಟ ತಿಂಡಿ ಕೊಡಬೇಡಿ, ತಡಮಾಡದೆ ಕರೆತನ್ನಿ.

"ಆ ಹಣ್ಣು ಬಿಸಾಕಿ, ನಡೀರಿ!"

ಅಜ್ಜ ಅಂಥದೇ ಇನ್ನೊಂದು ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದು ಓಡಿದ. "ಎಷ್ಟು ದೊಡ್ಡದು?" ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಮುಷ್ಟಿ ಬಿಚ್ಚಿ ತೋರಿಸಿದ. ಎಕ್ಸರೇಯಲ್ಲಿ ಅನ್ನನಾಳದ ನಡುವೆ ಅದೇ ಅಳತೆಯ ಬಿಳಿ ಬಿಲ್ಲೆ. ಮಗುವನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. ಎದುರಿನ ಗೋಡೆಯ ಗಡಿಯಾರದತ್ತ ತಲೆಯೆತ್ತುವ ಧೈರ್ಯವೂ ಅವನಿಗಿರಲಿಲ್ಲ.

ಕೊನೆಗೂ ಡಾಕ್ಟರಮ್ಮ ಹೊರಬಂದರು. "ತೆಗೆದ್ವಿ. ಸ್ವಲ್ಪ ಸುಟ್ಟಿದೆ. ನಾಲ್ಕು ದಿನ ಇಲ್ಲೇ ನೋಡ್ಬೇಕು. ಬೇಗ ತಂದ್ರಿ, ಇಲ್ಲದಿದ್ರೆ ಕಷ್ಟ ಇತ್ತು."

ವಾರ್ಡಿನಲ್ಲಿ ಸೊಸೆ ಕುರ್ಚಿ ಎಳೆದು, "ಇನ್ನಾದ್ರೂ ಕೂತ್ಕೊಳ್ಳಿ ಮಾವ" ಎಂದಳು. ಅಜ್ಜ ಕೂರಲಿಲ್ಲ. ಮಂಚದ ಕಂಬಿ ಹಿಡಿದು, ಮಲಗಿದ್ದ ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತ.